ಬೆಡ್‌ಶೀಟಿನ ಆಚೆ ತುದಿ

ನಾನು ಅತ್ತೆನಂತೆ. ಪುಸ್ತಕದಲ್ಲಿ ಅಚ್ಚಾಗಿದೆ, ಆದ್ದರಿಂದ ನಿಜವಿರಬೇಕು. ಗಂಡನನ್ನು ಕೊನೆಯದಾಗಿ ಕಳಿಸಿಕೊಟ್ಟ ಮಾರನೇ ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ, ಬಿಸಿ ಬಿಸಿ ಬೆಡ್‌ಶೀಟಿನಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತೆನಂತೆ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸು ಓಡಿ ಬಂದು ತಬ್ಬಿಕೊಂಡಳಂತೆ. ಆಮೇಲೆ ಲಾಂಡ್ರಿಯ ಹೆಂಗಸರೆಲ್ಲ ಸುತ್ತ ನಿಂತು, ಒಬ್ಬೊಬ್ಬಳೂ ತನ್ನ ತನ್ನ ಭಾಷೆಯಲ್ಲಿ ಲಾಲಿ ಹಾಡಿದರಂತೆ. ಅಲ್ಲಿನ ಇಸ್ತ್ರಿ ಮಿಶನ್ನಿನ ಗದ್ದಲದಲ್ಲಿ ಹೆಸರು ಹಿಡಿದು ಕೂಗಿದರೂ ಕೇಳುವುದಿಲ್ಲ, ಇನ್ನು ಲಾಲಿ ಯಾರ ಕಿವಿಗೆ ಬೀಳಬೇಕು? ಆದರೂ ಓದಿದವರೆಲ್ಲ ಕಣ್ಣು ಒರೆಸಿಕೊಂಡಿದ್ದಾರೆ. ನಾನೊಬ್ಬಳು ಬಾಕಿ.

ಬರೆದವಳು ನಮ್ಮ ಮೇಲಿನ ಮನೆಯಾಕೆ. ಅವಳಿಗೆ ಚೆಂದದ ಹೆಸರಿದೆ, ಆದರೆ ನಾನು ಮನಸ್ಸಿನಲ್ಲಿ ಕರೆಯುವುದು ಕತೆಯಮ್ಮ ಅಂತ. ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಅಜ್ಜನೂ ಇನ್ನೆಲ್ಲಿಂದಲೋ ಗಂಟುಮೂಟೆ ಕಟ್ಟಿಕೊಂಡು ಈ ದೇಶಕ್ಕೆ ಬಂದವನು. ಆ ಅಜ್ಜ ಬಾಯಿ ಬಿಡದೆ ಸತ್ತುಹೋದ ಅನ್ನುವ ಕೊರಗು ಅವಳಿಗೆ. ಅದಕ್ಕೇ ಬಾಯಿರುವ ನನ್ನನ್ನು ಹಿಡಿದುಕೊಂಡಳು. ನನ್ನ ರಜೆಯ ದಿನ ಕೆಳಗಿಳಿದು ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಟೀ ಕುಡಿಯುತ್ತಾ ಕೇಳುವಳು. ಇಲ್ಲಿಯ ಭಾಷೆ ನನಗೆ ಕೆಲಸಕ್ಕೆ ಬೇಕಾದಷ್ಟು ಬರುತ್ತದೆ, ಜಗಳಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ದುಃಖಕ್ಕೆ ಬೇಕಾದಷ್ಟು ಬರುವುದಿಲ್ಲ. ಅವಳು ಕೇಳುತ್ತಿದ್ದದ್ದು ಅದನ್ನೇ.

"ಆಗ ನಿಮಗೆ ಏನನ್ನಿಸ್ತು?" ಅನ್ನುವಳು.

"ಏನೂ ಇಲ್ಲ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಬಸ್ಸು ಬಂತು, ಹತ್ತಿದೆ."

ಅವಳು ತಲೆಯಾಡಿಸಿ ಇನ್ನೊಂದು ಗುಟುಕು ಟೀ ಕುಡಿಯುವಳು. ನಾನು ಬೇಳೆ ಆರಿಸುವೆ. ನಮ್ಮಿಬ್ಬರ ಸಂಭಾಷಣೆ ಹೀಗೆ ಚಳಿಗಾಲವಿಡೀ ನಡೆಯಿತು.

ಆದದ್ದು ಇಷ್ಟು. ನಮ್ಮನೆಯವರು ಬಸ್ಸು ಓಡಿಸುತ್ತಿದ್ದರು. ಪಾಳಿ ಮುಗಿಸಿ, ಡಿಪೋದ ಬೆಂಚಿನ ಮೇಲೆ ಕೂತು ಶೂ ಲೇಸು ಬಿಚ್ಚಲು ಬಗ್ಗಿದವರು ಮತ್ತೆ ಮೇಲೇಳಲಿಲ್ಲ. ಒಂದು ಶೂ ಬಿಚ್ಚಿತ್ತು, ಇನ್ನೊಂದು ಕಾಲಲ್ಲೇ ಇತ್ತು. ನೆಂಟರು ಯಾರೂ ಹತ್ತಿರವಿಲ್ಲ. ಡಿಪೋದವರು ಬಂದರು, ನಾನು, ನನ್ನ ಮಗಳು. ಎಲ್ಲ ಮುಗಿಸಿಕೊಂಡು ಮನೆಗೆ ಬಂದೆವು. ಮಾರನೇ ಬೆಳಿಗ್ಗೆ ನಾನು ಎದ್ದು ತಲೆ ಬಾಚಿಕೊಂಡು ಲಾಂಡ್ರಿಗೆ ಹೊರಟೆ.

ಮಗಳು ಹಾಸಿಗೆಯ ಮೇಲೆ ಅಪ್ಪನ ಸ್ವೆಟರ್ ಹೊದ್ದು ಮಲಗಿದ್ದಳು. ರಾತ್ರಿಯಿಡೀ ಅತ್ತು ಕಣ್ಣು ಊದಿಕೊಂಡಿದ್ದವು. ಬಾಗಿಲ ಚಿಲಕದ ಸದ್ದಿಗೆ ಎದ್ದು ಕೂತಳು.

"ಇವತ್ತೂ ಹೋಗ್ತೀಯಾ?"

"ಹೂಂ. ಡಬ್ಬಿಯಲ್ಲಿ ಅನ್ನ ಇದೆ, ಬಿಸಿ ಮಾಡ್ಕೊ."

"ನೀನು ಮನುಷ್ಯಳೇನಮ್ಮಾ?"

ಬಸ್ಸು ತಪ್ಪುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಬಸ್ಸೇ. ನಮ್ಮನೆಯವರಲ್ಲ, ಮಗಳಲ್ಲ.

ಆ ಮಾತನ್ನು ಅವಳು ಅಲ್ಲಿಗೆ ಬಿಡಲಿಲ್ಲ. ಓದು ಮುಗಿಸಿ ಬೇರೆ ಊರಲ್ಲಿ ಕೆಲಸ ಹಿಡಿದಳು, ಒಂದು ಪೆಟ್ಟಿಗೆ ಹಿಡಿದು ಹೋದಳು. ಆಮೇಲೆ ನಮ್ಮ ನಡುವೆ ಉಳಿದದ್ದು ಭಾನುವಾರದ ಫೋನು. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಇಡ್ಲಾ, ಇಡು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನ್ನದು ಹೆಗ್ಗಣವಲ್ಲ, ಬಂಗಾರದಂಥ ಹುಡುಗಿ. ಅವಳು ಮತ್ತೆ ಮನೆಗೆ ಬರಬೇಕು, ಆ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ನನ್ನ ತಲೆ ತಿನ್ನಬೇಕು. ನನಗೆ ಈ ಭೂಮಿಯ ಮೇಲೆ ಬೇಕಾಗಿದ್ದದ್ದು ಅದೊಂದೇ. ಬೇಕು ಅನ್ನುವುದೊಂದು ಮಾತ್ರ ನನ್ನೊಳಗೆ ಉಳಿದಿತ್ತು, ಮಿಕ್ಕದ್ದೆಲ್ಲ ಮರಗಟ್ಟಿತ್ತು.

ಅಷ್ಟು ಅವಸರದಲ್ಲಿ ಕೆಲಸಕ್ಕೆ ಯಾಕೆ ಹೋದೆ ಅಂತ ಕತೆಯಮ್ಮನಿಗೆ ವಿವರಿಸಿದ್ದೆ. ನಾನು ಬೆಡ್‌ಶೀಟ್ ಮಡಿಸುವವಳು. ಆಸ್ಪತ್ರೆಯ ಶೀಟು ಉದ್ದ, ಒಬ್ಬರ ಕೈಗೆ ಬಗ್ಗುವುದಿಲ್ಲ. ಈ ತುದಿ ನಾನು, ಆ ತುದಿ ನನ್ನ ಜೋಡಿ. ಇಬ್ಬರೂ ಒಟ್ಟಿಗೆ ಝಾಡಿಸಿ ಎಳೆಯಬೇಕು, ಅಗಲಕ್ಕೆ ಒಂದು ಸಲ ಮಡಿಸಬೇಕು, ಇನ್ನೊಂದು ಸಲ ಮಡಿಸಬೇಕು. ಆಮೇಲೆ ಅರ್ಧ ದಾರಿ ಅವಳು, ಅರ್ಧ ದಾರಿ ನಾನು ನಡೆದು ನಡುವೆ ಸೇರಬೇಕು. ನನ್ನ ತುದಿಯನ್ನು ಅವಳ ಕೈಗೆ ಕೊಟ್ಟು, ಕೆಳಗೆ ಜೋತಾಡುವ ಮಡಿಕೆಯನ್ನು ಎತ್ತಿ ಸೇರಿಸಿದರೆ ಒಂದು ಶೀಟು ಮುಗಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾದರೆ ಶೀಟೂ ಸುಕ್ಕು, ಸೂಪರ್‌ವೈಸರನ ಮುಖವೂ ಸುಕ್ಕು.

ಜೋಡಿ ಬಾರದ ದಿನ ಉಳಿದವಳನ್ನು ಕೊಳಕು ಕಡೆಗೆ ಕಳಿಸುತ್ತಾರೆ. ವಾರ್ಡುಗಳಿಂದ ಬಂದ ಶೀಟುಗಳನ್ನು ಅಲ್ಲಿ ಚೀಲದಿಂದ ಸುರಿದು ಬೇರೆ ಮಾಡುವುದು. ರಕ್ತ, ವಾಂತಿ, ಅದರ ಮೇಲೆ ಮೂಗು ಸುಡುವ ಔಷಧಿಯ ಘಾಟು. ನನ್ನ ಜೋಡಿಗೆ ಉಬ್ಬಸ. ಒಮ್ಮೆ ನನಗೆ ಜ್ವರ ಬಂದಾಗ ಅವಳನ್ನು ಅಲ್ಲಿ ಹಾಕಿದ್ದರು, ಮೂರು ದಿನ ಸುಧಾರಿಸಿಕೊಳ್ಳಲಾಗಲಿಲ್ಲ. ಹಾಗಾಗಿ ಹೋದೆ. ಅದೊಂದು ಕಾರಣ. ಇನ್ನೊಂದು, ಮನೆಯಲ್ಲಿ ಕೂತರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಶೀಟು ಕೈಗೆ ಬಂದರೆ ಕೈಗೆ ಗೊತ್ತಾಗುತ್ತದೆ.

ಈ ಜೋಡಿ ಯಾವ ದೇಶದವಳು ಅಂತ ನನಗೆ ತಿಳಿದಿರುವುದು ಅರೆಬರೆ. ಉದ್ದನೆಯ ಹೆಂಗಸು, ಸದಾ ಸಿಡುಕು ಮೋರೆ. ನನ್ನ ಭಾಷೆ ಅವಳಿಗೆ ಬರುವುದಿಲ್ಲ, ಅವಳದ್ದು ನನಗೆ ಬರುವುದಿಲ್ಲ, ಇಲ್ಲಿಯದು ಇಬ್ಬರಿಗೂ ಕುಂಟುತ್ತದೆ. ಹಿಡಿ, ಎಳಿ, ಬಿಡು, ಟೀ. ಈ ನಾಲ್ಕು ಮಾತಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ್ದೇವೆ. ನಮ್ಮನೆಯವರ ಜೊತೆ ಅದಕ್ಕಿಂತ ಹೆಚ್ಚು ಮಾತಾಡಿದ್ದೆನೇ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಪುಸ್ತಕ ಬಂತು. ಕತೆಯಮ್ಮ ಒಂದು ಪ್ರತಿ ತಂದುಕೊಟ್ಟಳು, ಇನ್ನೊಂದನ್ನು ನನ್ನನ್ನು ಕೇಳಿಯೇ ಮಗಳ ವಿಳಾಸಕ್ಕೆ ಕಳಿಸಿದಳು. ನನಗೆ ಓದುವುದು ನಿಧಾನ. ನಾನಿನ್ನೂ ಹಡಗಿನಿಂದ ಇಳಿದಿರಲಿಲ್ಲ (ನಾನು ಬಂದದ್ದು ವಿಮಾನದಲ್ಲಿ, ಪುಸ್ತಕದಲ್ಲಿ ಹಡಗು), ಅಷ್ಟರಲ್ಲೇ ಫೋನು ಬಂತು. ಭಾನುವಾರವಲ್ಲ, ವಾರದ ಮಧ್ಯೆ.

"ಅಮ್ಮಾ, ಓದಿದೆ." ಅವಳ ದನಿ ಒದ್ದೆಯಾಗಿತ್ತು. "ಒಂದೇ ಸಲಕ್ಕೆ ಕೂತು ಓದಿದೆ. ಅಷ್ಟೊಂದು ಅತ್ತಿದೀಯ, ನಂಗೊಂದು ಮಾತು ಹೇಳಬಾರದಿತ್ತಾ? ನಾನು ನಿನ್ನ ಬಗ್ಗೆ ಏನೇನೆಲ್ಲ ಅಂದ್ಕೊಂಡಿದ್ದೆ ಗೊತ್ತಾ..."

"ಏನು ಓದಿದೆ?" ಅಂದೆ.

"ಲಾಂಡ್ರಿಯಲ್ಲಿ ನೀನು ಶೀಟಲ್ಲಿ ಮುಖ ಇಟ್ಕೊಂಡು... ಅಮ್ಮಾ, ಈ ಭಾನುವಾರ ಮನೆಗೆ ಬರ್ತೀನಿ. ಬರ್ಲಾ?"

ಬರ್ಲಾ ಅಂತ ಕೇಳಿದಳು! ನನ್ನ ಮನೆಗೆ ಬರಲು ನನ್ನನ್ನು ಕೇಳಬೇಕೇ?

"ಬಾ. ಹಾಲು ಉಕ್ತಿದೆ, ಇಡ್ತೀನಿ," ಅಂದು ಫೋನಿಟ್ಟೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಒಲೆಯೇ ಹಚ್ಚಿರಲಿಲ್ಲ. ಆಮೇಲೆ ಪುಸ್ತಕ ತೆಗೆದು, ನಡುವಿನ ಹಾಳೆಗಳನ್ನೆಲ್ಲ ಹಾರಿಸಿ, ಆ ಲಾಂಡ್ರಿಯ ಜಾಗ ಹುಡುಕಿ ಬೆರಳಿಟ್ಟು ಓದಿದೆ. ಎಷ್ಟು ಚೆನ್ನಾಗಿ ಅಳುತ್ತಿದ್ದಳು ಆ ಹೆಂಗಸು! ನನ್ನ ಹಾಗೇ ಕುಳ್ಳಿ, ನನ್ನ ಹಾಗೇ ಎಡಗೈ ಹೆಬ್ಬೆರಳಲ್ಲಿ ಸುಟ್ಟ ಕಲೆ. ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಗುರುವಾರ ಗ್ರಂಥಾಲಯದಲ್ಲಿ ಪುಸ್ತಕದ ಸಭೆ. ಕತೆಯಮ್ಮ ಬರಲೇಬೇಕು ಅಂದಳು. ಗೋಡೆಯ ಮೇಲೆ ಬಣ್ಣಬಣ್ಣದ ಹಸ್ತಗಳ ಚಿತ್ರ ಅಂಟಿಸಿದ್ದರು, ಒಂದು ಕಪ್ಪು, ಒಂದು ಬಿಳಿ, ಒಂದು ಗೋಧಿ ಬಣ್ಣ. ಲಾಂಡ್ರಿಯ ಊಟದ ಕೋಣೆಯಲ್ಲೂ ಅದೇ ಚಿತ್ರವಿದೆ, ಕೆಳಗೆ ಕೈ ತೊಳೆಯಿರಿ ಅಂತ ಬರೆದಿದೆ. ಕತೆಯಮ್ಮ ಆ ಅಳುವ ಭಾಗವನ್ನೇ ಓದಿದಳು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಮೂಗು ಒರೆಸಿಕೊಂಡಳು, ಅವಳ ಪಕ್ಕದವನು ಕನ್ನಡಕ ತೆಗೆದ. ಮುಗಿದ ಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ.

ಒಬ್ಬ ಹುಡುಗಿ ಕೈಯೆತ್ತಿ ಕೇಳಿದಳು, "ಈಗ ಇದು ನಿಮ್ಮ ಮನೆ ಅನ್ನಿಸುತ್ತಾ?"

"ಮನೆ ಓನರದ್ದು," ಅಂದೆ. "ನಲ್ಲಿ ಸೋರ್ತಿದೆ ಅಂತ ಹೇಳಿ ಹೇಳಿ ಸಾಕಾಯ್ತು."

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡರು. ಹೊರಗೆ ಬರುವಾಗ ಒಬ್ಬ ವಯಸ್ಸಾದ ಹೆಂಗಸು ನನ್ನನ್ನು ಹಿಡಿದುಕೊಂಡು ಭುಜದ ಮೇಲೆ ಅತ್ತೇಬಿಟ್ಟಳು. ಗುರುತಿಲ್ಲ, ಪರಿಚಯವಿಲ್ಲ. ನಾನು ಅವಳ ಬೆನ್ನು ತಟ್ಟಿದೆ. ಪಾಪ, ಅವಳಿಗೆ ಏನು ಕಷ್ಟವಿತ್ತೋ.

ಬಸ್ಸಿನಲ್ಲಿ ವಾಪಸು ಬರುವಾಗ ಕತೆಯಮ್ಮನನ್ನು ಕೇಳಿದೆ. ಜಗಳವಾಡುವ ಹಾಗೆ ಅಲ್ಲ, ಸುಮ್ಮನೆ ಕೇಳಿದೆ.

"ನಾನು ಅತ್ತೆ ಅಂತ ನಿಮಗೆ ಹೇಳಿರ್ಲಿಲ್ಲವಲ್ಲ?"

ಅವಳು ಕಿಟಕಿಯ ಕಡೆ ನೋಡಿದಳು. "ಹೇಳಿರ್ಲಿಲ್ಲ. ಮೊದಲು ನೀವು ಹೇಳಿದ ಹಾಗೇ ಬರೆದೆ. ಅಚ್ಚು ಹಾಕಿಸೋರು ಓದಿ, ಈಕೆ ಯಾಕೆ ಹೀಗೆ, ಇವಳಿಗೆ ಹೃದಯ ಇಲ್ವಾ ಅಂತ ಕೇಳಿದ್ರು. ಜನ ನಿಮ್ಮ ಹತ್ತಿರ ಬರೋದಿಲ್ಲ ಅಂದ್ರು. ನನಗೆ ಜನ ನಿಮ್ಮ ಹತ್ತಿರ ಬರೋದು ಬೇಕಿತ್ತು."

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಆ ಪ್ರಶ್ನೆ ಕೇಳಿ ದೂರ ಹೋದವಳು. ಪುಸ್ತಕಕ್ಕೆ ಅಳು ಸೇರಿಸಿದ ಮೇಲೆ ಹತ್ತಿರ ಬರುತ್ತಿದ್ದಾಳೆ. ಕತೆಯಮ್ಮನ ಲೆಕ್ಕ ಸರಿಯಾಗಿಯೇ ಇತ್ತು.

"ಮಗಳು ಬರ್ತಾಳಂತಲ್ಲ?" ಅಂದಳು ಮೆಲ್ಲಗೆ.

"ಭಾನುವಾರ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ?"

ಒಳ್ಳೆಯದೇ. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಮುಗಿಯಿತು. ಅವಳು ಬರುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಪುಸ್ತಕದಲ್ಲಿರುವ ಅಮ್ಮನಿಗೆ ಸಲ್ಲಬೇಕಾದ ಮುದ್ದೆಲ್ಲ ನನಗೆ ಸಲ್ಲುತ್ತದೆ. ಪಕ್ಕದ ಮನೆಯ ಪಾರ್ಸೆಲ್ಲು ನಮ್ಮ ಬಾಗಿಲಿಗೆ ಬಂದ ಹಾಗೆ. ಕರೆದು ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಮಾರನೇ ದಿನ ಲಾಂಡ್ರಿಯ ಟೀ ವೇಳೆಯಲ್ಲಿ ನನ್ನ ಜೋಡಿ ನನ್ನ ಎದುರು ಬಂದು ಕೂತಳು. ಆ ಪುಸ್ತಕವನ್ನು ಯಾರೋ ತಂದು, ಇಸ್ತ್ರಿ ಕಡೆಯ ಹೆಂಗಸರು ಸುತ್ತ ಕೂತು ಓದಿಸಿಕೊಂಡಿದ್ದರಂತೆ.

"ನಾನು ನಿನ್ನ ತಬ್ಬಿಕೊಂಡೆ, ಅಂತೆ," ಅಂದಳು ಜೋಡಿ.

"ಹೂಂ, ಅಂತೆ."

"ಯಾವಾಗ?"

"ನಂಗೇನು ಗೊತ್ತು? ನಿನ್ನ ಕೈ, ನೀನೇ ಹೇಳು."

ಅವಳು ಬಿಸ್ಕತ್ತು ಟೀಯಲ್ಲಿ ಅದ್ದಿದಳು. ಅದು ಮುರಿದು ಒಳಗೆ ಬಿತ್ತು, ಚಮಚ ಹಾಕಿ ತೆಗೆದಳು. ಆಮೇಲೆ ಸಿಡುಕು ಮೋರೆಯಲ್ಲೇ ಹೇಳಿದಳು, "ತಬ್ಬಲಿಲ್ಲ. ನಡೆದೆ. ಅಷ್ಟೇ."

"ಎಲ್ಲಿಗೆ ನಡೆದೆ?"

"ನಿನ್ನ ತನಕ. ಪೂರ್ತಿ." ಕೈಯಲ್ಲಿದ್ದ ಚಮಚದಿಂದ ಮೇಜಿನ ಆ ತುದಿಯಿಂದ ಈ ತುದಿಗೆ ಗೆರೆ ಎಳೆದು ತೋರಿಸಿದಳು. "ನೀನು ನಿಂತಿದ್ದೆ. ಕಾಲು ಬರಲಿಲ್ಲ ನಿಂದು. ಇಡೀ ದಿನ ನಾನೇ ಬಂದೆ, ನಾನೇ ಹೋದೆ. ಸಂಜೆ ನನ್ನ ಮಂಡಿ..." ಮಂಡಿಗೆ ಏನಾಯಿತು ಅನ್ನುವುದಕ್ಕೆ ಅವಳಿಗೆ ಪದ ಸಿಗಲಿಲ್ಲ. ತನ್ನ ಭಾಷೆಯಲ್ಲಿ ಏನೋ ಬೈದಳು.

ಆ ದಿನ ಶೀಟುಗಳೆಲ್ಲ ಗಿಡ್ಡ ಅನ್ನಿಸಿದ್ದವು. ಅದು ನಿಜ. ಮಕ್ಕಳ ವಾರ್ಡಿನವು ಬಂದಿರಬೇಕು ಅಂದುಕೊಂಡಿದ್ದೆ. ಕೈ ಚಾಚುವ ಮೊದಲೇ ಆಚೆ ತುದಿ ನನ್ನ ಮುಂದೆ ಬಂದು ನಿಲ್ಲುತ್ತಿತ್ತು, ನಾನು ಹಿಡಿಯುತ್ತಿದ್ದೆ. ಉಬ್ಬಸದ ಹೆಂಗಸು ಎರಡು ಪಾಲು ನಡೆದಿದ್ದಾಳೆ, ನನಗೆ ಗೊತ್ತೇ ಇಲ್ಲ. ಅವಳನ್ನು ಉಳಿಸಲು ಹೋದೆ ಅಂತ ಕತೆಯಮ್ಮನ ಮುಂದೆ ಹೇಳಿಕೊಂಡವಳು ನಾನು!

"ಮೊದಲೇ ಹೇಳಬಾರದಿತ್ತೇನೆ?"

"ಏನು ಹೇಳೋದು?" ಅಂದಳು. "ಏಳು. ಗಂಟೆ ಹೊಡೀತು."

ಭಾನುವಾರ ಮಗಳು ಬಂದಳು. ತಬ್ಬಿಕೊಂಡಳು, ಬಿಡಲೇ ಇಲ್ಲ. ಅವಳ ಕೂದಲಿನಿಂದ ಗುರುತಿಲ್ಲದ ಶಾಂಪೂ ವಾಸನೆ ಬಂತು. ಸೊರಗಿದ್ದಳು. ಊಟ ಮಾಡುವಾಗ ಪುಸ್ತಕದ್ದೇ ಮಾತು. ಅಲ್ಲಿ ಹೀಗೆ ಬರೆದಿದ್ದಾರಲ್ಲಮ್ಮ, ನಿಜವಾಗಲೂ ಹಾಗೇ ಆಯ್ತಾ? ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಇನ್ನೊಂದು ಸೌಟು ಬಡಿಸಿದೆ. ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತಳು. ನಾನು ಕೇಳಿಕೊಂಡಿದ್ದದ್ದು ಅದನ್ನೇ. ಆದರೆ ಅವಳು ನನ್ನನ್ನು ನೋಡುವ ನೋಟ ನನ್ನ ಪಕ್ಕದಲ್ಲಿ ಎಲ್ಲೋ ಬೀಳುತ್ತಿತ್ತು, ಅಲ್ಲಿ ಆ ಇನ್ನೊಬ್ಬಳು ನಿಂತಿದ್ದ ಹಾಗೆ.

ಮಧ್ಯಾಹ್ನ ಒಣಗಿದ ಬಟ್ಟೆ ತೆಗೆದೆ. ಅವಳಿಗಾಗಿ ಇದ್ದಬದ್ದ ಬೆಡ್‌ಶೀಟುಗಳನ್ನೆಲ್ಲ ಒಗೆದಿದ್ದೆ. "ಬಾ, ಹಿಡಿ," ಅಂದೆ. ನಮ್ಮ ಮನೆಯಲ್ಲಿ ಉದ್ದಕ್ಕೆ ಜಾಗವಿರುವುದು ಅಡುಗೆಮನೆಯಿಂದ ಬಾಗಿಲಿನವರೆಗಿನ ಓಣಿಯಂಥ ದಾರಿಯಲ್ಲಿ ಮಾತ್ರ. ಅವಳು ಬಾಗಿಲ ಹತ್ತಿರ ನಿಂತಳು, ನಾನು ಈಚೆ. ಝಾಡಿಸಿದೆವು. ಎಳೆದೆವು. ಎಳೆತ ಸರಿಯಾಗಿಯೇ ಇತ್ತು ಅವಳದ್ದು.

"ನಾನು ಅಳಲಿಲ್ಲ ಪುಟ್ಟಿ," ಅಂದೆ.

"ಏನು?"

"ಲಾಂಡ್ರಿಯಲ್ಲಿ. ಅದನ್ನ ಅವಳು ಬರೆದದ್ದು. ನಾನು ಅಳಲಿಲ್ಲ. ಮನೆಯಲ್ಲೂ ಇಲ್ಲ, ಆಮೇಲೂ ಇಲ್ಲ. ಯಾರೂ ತಬ್ಬಿಕೊಳ್ಳಲಿಲ್ಲ. ಶೀಟು ಮಡಿಸಿದೆ, ಮನೆಗೆ ಬಂದೆ."

ಶೀಟು ನಮ್ಮಿಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. ಅವಳ ಮುಖ ಹಳೆಯ ಮುಖವಾಯಿತು, ಆ ಬೆಳಗಿನದು.

"ಹಾಗಾದ್ರೆ ಯಾಕೆ ಹೋದೆ?"

"ನಾನು ಹೋಗದಿದ್ರೆ ನನ್ನ ಜೋಡಿ ಒಂಟಿ ಆಗ್ತಿದ್ಳು. ಕೊಳಕು ಕಡೆ ಹಾಕ್ತಿದ್ರು. ಅವಳಿಗೆ ಉಬ್ಬಸ ಪುಟ್ಟಿ, ಅವಳಿಗೆ ಬೇರೆ ಯಾರೂ..."

"ನಂಗೆ?" ಅಂದಳು.

ಅಷ್ಟೇ ಅಂದಳು. ಕೂಗಲಿಲ್ಲ.

ಪುಸ್ತಕದಲ್ಲಾಗಿದ್ದರೆ ಇಲ್ಲಿ ನಾನು ಅಳಬೇಕಿತ್ತು. ಕಣ್ಣು ಒಣಗಿಯೇ ಇತ್ತು. ಆದರೆ ನಾಚಿಕೆಯಾಯಿತು, ಕಿವಿಯವರೆಗೂ ಬಿಸಿಯಾಗುವಷ್ಟು. ನಮ್ಮನೆಯವರು ಹೋದ ಮೇಲೆ ನನಗೆ ಸರಿಯಾಗಿ ಅನ್ನಿಸಿದ ಮೊದಲ ಸಂಗತಿ ಅದು. ಅಪ್ಪನ ಸ್ವೆಟರ್ ಹೊದ್ದು ಒಬ್ಬಳೇ ಮಲಗಿದ್ದ ಹುಡುಗಿಗೆ ಡಬ್ಬಿಯ ಅನ್ನ ತೋರಿಸಿ ಬಂದಿದ್ದೆ ನಾನು. ಆ ಮನೆಯಲ್ಲಿ ಅವಳ ಆಚೆ ತುದಿ ಹಿಡಿಯುವವರು ಯಾರಿದ್ದರು?

ಶೀಟನ್ನು ಅಗಲಕ್ಕೆ ಮಡಿಸಿದೆ, ಅವಳ ಕೈ ಅಭ್ಯಾಸಬಲದಿಂದ ಮಡಿಸಿತು. ಇನ್ನೊಂದು ಸಲ ಮಡಿಸಿದೆವು. ಅವಳು ಮುಂದೆ ಬರಲಿಲ್ಲ. ಕಾಲು ಬರಲಿಲ್ಲ ಅವಳದ್ದು. ನಾನು ನಡೆದೆ. ಅರ್ಧ ದಾರಿಗೆ ಬಂದಾಗ ಕಾಲು ತಾನಾಗಿ ನಿಲ್ಲಲು ನೋಡಿತು, ಅಷ್ಟು ವರ್ಷಗಳ ರೂಢಿ. ನಿಲ್ಲಿಸಲಿಲ್ಲ. ಬಾಗಿಲವರೆಗೂ ಹೋಗಿ ನನ್ನ ತುದಿಯನ್ನು ಅವಳ ಕೈಗಿಟ್ಟೆ. ಬಗ್ಗಿ ಮಡಿಕೆ ಎತ್ತಿಕೊಟ್ಟೆ. ಇನ್ನೊಂದು ಶೀಟು ತಂದೆ, ಅವಳ ತುದಿ ಅವಳಿಗೆ ಕೊಟ್ಟು ಹಿಂದೆ ಹೋದೆ, ಮತ್ತೆ ಅಷ್ಟೂ ದೂರ ಬಂದೆ. ಅವಳು ಅಳುತ್ತಿದ್ದಳು. ಎರಡೂ ಕೈಯಲ್ಲಿ ಶೀಟಿದ್ದ ಕಾರಣ ಒರೆಸಿಕೊಳ್ಳಲು ಆಗುತ್ತಿರಲಿಲ್ಲ.

ಮೂರನೆಯದಕ್ಕೆ ಅವಳ ಒಂದು ಕಾಲು ಮುಂದೆ ಬರಲು ನೋಡಿತು.

"ಬೇಡ, ನೀನು ಅಲ್ಲೇ ನಿಂತ್ಕೋ," ಅಂದೆ. "ನಾನು ಬರ್ತೀನಿ."